ಸ್ಪೆಕ್ಟ್ರಮ್ ಸೆಂಟರ್‌ನ ಹಳೇ ಕಾಗದಗಳನ್ನು ನಾನು ಓದಿದ್ದು ಹೀಗೆ

ಮಿಷಿಗನ್ ಯೂನಿವರ್ಸಿಟಿಯ ವಿದ್ಯಾರ್ಥಿ ಪತ್ರಿಕೆ 'ಮಿಷಿಗನ್ ಡೈಲಿ'ಯ ಹಳೇ ಸಂಚಿಕೆಗಳು ಕಂಪ್ಯೂಟರ್‌ನಲ್ಲಿ ಸಿಗುತ್ತವೆ. ಮೊದಲ ದಿನ ಅದರಲ್ಲಿ 'ಸ್ಪೆಕ್ಟ್ರಮ್ ಸೆಂಟರ್' ಅಂತ ಹಾಕಿ 70ರ ದಶಕವನ್ನೆಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಎಲ್‌ಜಿಬಿಟಿಕ್ಯೂ (ಗೇ, ಲೆಸ್ಬಿಯನ್ ಅಂದರೆ ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಮುಂತಾದ) ವಿದ್ಯಾರ್ಥಿಗಳಿಗಾಗಿ ಅಮೆರಿಕದ ಕಾಲೇಜುಗಳಲ್ಲೇ ಮೊದಲು ಶುರುವಾದ ಕಚೇರಿ ಇದು, 1971ರಲ್ಲಿ. ಹಾಗಿದ್ದರೆ ಅಷ್ಟು ವರ್ಷದ ಸುದ್ದಿ ಎಲ್ಲಿ ಹೋಯಿತು?

ಹುಡುಕುತ್ತಿದ್ದ ಹೆಸರೇ ಸರಿ ಇರಲಿಲ್ಲ. ಸ್ಪೆಕ್ಟ್ರಮ್ ಅನ್ನುವ ಹೆಸರು ಬಂದಿದ್ದು 2007ರಲ್ಲಿ. ಶುರುವಿನಲ್ಲಿ ಅದು 'ಹ್ಯೂಮನ್ ಸೆಕ್ಶುಯಾಲಿಟಿ ಆಫೀಸ್'. ಗೇ ಅಂತಾಗಲಿ ಲೆಸ್ಬಿಯನ್ ಅಂತಾಗಲಿ ಬೋರ್ಡಿನಲ್ಲಿ ಇರಲಿಲ್ಲ. ಆಮೇಲೆ 'ಲೆಸ್ಬಿಯನ್-ಗೇ ಮೇಲ್ ಪ್ರೋಗ್ರಾಮ್ಸ್ ಆಫೀಸ್' ಆಯಿತು. ಅದಾದ ಮೇಲೆ ಎಲ್‌ಜಿಬಿಟಿ ವ್ಯವಹಾರಗಳ ಕಚೇರಿ. ಒಂದೊಂದು ಹೆಸರಿಗೂ ಬೇರೆ ಬೇರೆಯಾಗಿ ಹುಡುಕಬೇಕು. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಆ ಕಾಲದವರು ಯಾವ ಪದ ಬಳಸುತ್ತಿದ್ದರೋ ಅದನ್ನು ಹಿಡಿದು ಹುಡುಕಿ. ಇವತ್ತಿನ ಪದ ಹಾಕಿದರೆ ಹಳೇ ಕಾಗದ ಸಿಗಲ್ಲ.

ಈ ಯೂನಿವರ್ಸಿಟಿ ಇರುವ ಊರು ಆ್ಯನ್ ಆರ್ಬರ್‌ಗೆ ಓದಲು ಹೋಗಿದ್ದಾಗ ನಾವು ನಾಲ್ಕು ಜನ ಗೆಳೆಯರು ಸೇರಿ, ನಾವಿದ್ದ ಮನೆಯ ನಡುಕೋಣೆಯಲ್ಲೇ ಈ ಕಚೇರಿಯ ಕಥೆ ಹೇಳುವ ಒಂದು ಸಣ್ಣ ಪ್ರದರ್ಶನ ಮಾಡಬೇಕು ಅಂದುಕೊಂಡಿದ್ದೆವು. ಕಾಗದ ಹುಡುಕುವ ಪಾಲು ನನಗೆ ಬಂತು. ಹಳೇ ಕಾಗದಗಳನ್ನು ಇಟ್ಟಿರುವ ಬೆಂಟ್ಲಿ ಹಿಸ್ಟಾರಿಕಲ್ ಲೈಬ್ರರಿ ನಾರ್ತ್ ಕ್ಯಾಂಪಸ್‌ನಲ್ಲಿದೆ. ಬಿಡುವಿದ್ದಾಗಲೆಲ್ಲ ಯೂನಿವರ್ಸಿಟಿ ಬಸ್ ಹತ್ತಿ ಹೋಗುತ್ತಿದ್ದೆ. ಬ್ಯಾಗು ಲಾಕರ್‌ನಲ್ಲಿ ಇಡಬೇಕು. ಪೆನ್ ಒಳಗೆ ತರುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಪೆಟ್ಟಿಗೆಯಿಂದ ಒಂದು ಸಲಕ್ಕೆ ಒಂದೇ ಫೋಲ್ಡರ್ ತೆಗೆಯಬೇಕು, ಕಾಗದಗಳ ಕ್ರಮ ಕೆಡಿಸಬಾರದು. ಫೋನಲ್ಲಿ ಫೋಟೋ ತೆಗೆಯಬಹುದು, ಫ್ಲ್ಯಾಶ್ ಇಲ್ಲದೆ. ಪ್ರತಿ ಫೋಲ್ಡರ್ ತೆರೆದಾಗಲೂ ಅದರ ಹೆಸರು ಮತ್ತು ಪೆಟ್ಟಿಗೆ ನಂಬರಿನ ಫೋಟೋ ಮೊದಲು ತೆಗೆಯಿರಿ, ಆಮೇಲೆ ಒಳಗಿನದು. ನಾನು ಮೊದಲ ವಾರ ಹಾಗೆ ಮಾಡಲಿಲ್ಲ. ಎಂಬತ್ತು ಫೋಟೋಗಳಲ್ಲಿ ಯಾವುದು ಎಲ್ಲಿಯದು ಅಂತ ತಿಳಿಯದೆ ಎಲ್ಲ ಪೆಟ್ಟಿಗೆಗಳನ್ನು ಮತ್ತೆ ತರಿಸಿಕೊಳ್ಳಬೇಕಾಯಿತು.

ಹೆಚ್ಚು ಹೊತ್ತು ಕಳೆದದ್ದು ಜಿಮ್ ಟಾಯ್ ಅವರ ಕಾಗದಗಳ ಜೊತೆ. 1970ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನ ಕೆನಡಿ ಸ್ಕ್ವೇರ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಸಭೆ ನಡೆದಾಗ, ತುಂಬಿದ ಜನರ ಮುಂದೆ ನಿಂತು ತಾನು ಗೇ ಅಂತ ಹೇಳಿದವರು. ಆಗ ಅವರಿಗೆ 40ರ ಹತ್ತಿರ. ಮರುವರ್ಷ ಯೂನಿವರ್ಸಿಟಿ ಕಚೇರಿ ತೆರೆದಾಗ ಗೇ ವಿದ್ಯಾರ್ಥಿಗಳ ಪರವಾಗಿ ಅವರು, ಲೆಸ್ಬಿಯನ್ ವಿದ್ಯಾರ್ಥಿನಿಯರ ಪರವಾಗಿ ಸಿಂಡಿ ಗೇರ್ ಕೂತರು. ಇಬ್ಬರದೂ ಕಾಲು ಹೊತ್ತಿನ ಕೆಲಸ. ಅಂದರೆ ಇಬ್ಬರೂ ಸೇರಿದರೆ ಅರ್ಧ ನೌಕರಿ! ಅಷ್ಟರಲ್ಲೇ ಅಳುತ್ತಾ ಬಂದವರ ಮಾತು ಕೇಳಬೇಕು, ತರಗತಿಗಳಿಗೆ ಹೋಗಿ ಮಾತಾಡಬೇಕು, ಆಡಳಿತದವರಿಗೆ ಪತ್ರ ಬರೆಯಬೇಕು.

ಆ ಪತ್ರಗಳು ಎಷ್ಟು ವರ್ಷ ನಡೆದವು ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ. ಆ್ಯನ್ ಆರ್ಬರ್ ನಗರಸಭೆ 1972ರಲ್ಲೇ ತಾರತಮ್ಯದ ವಿರುದ್ಧದ ತನ್ನ ಕಾಯ್ದೆಯಲ್ಲಿ ಗೇ, ಲೆಸ್ಬಿಯನ್ ಜನರನ್ನೂ ಸೇರಿಸಿಕೊಂಡಿತು. ಅದೇ ಊರಿನ ಯೂನಿವರ್ಸಿಟಿ ತನ್ನ ನಿಯಮದಲ್ಲಿ 'ಲೈಂಗಿಕ ಒಲವು' ಅನ್ನುವ ಮಾತು ಸೇರಿಸಿದ್ದು 1993ರಲ್ಲಿ. ಎರಡು ಪದಕ್ಕೆ 21 ವರ್ಷ. ಆ ಹೊತ್ತಿಗೆ ಟಾಯ್ ಅವರಿಗೆ 63 ಆಗಿತ್ತು. ನಾನು ಅಲ್ಲಿಗೆ ಹೋಗುವ ಮೊದಲೇ, 2022ರ ಜನವರಿ 1ರಂದು ಅವರು ತೀರಿಕೊಂಡಿದ್ದರು. ಕೇಳಬೇಕಿದ್ದ ಪ್ರಶ್ನೆಗಳನ್ನೆಲ್ಲ ಕಾಗದಗಳನ್ನೇ ಕೇಳಬೇಕಾಯಿತು.

ಕೈಗೆ ಬಂದ ಒಂದು ಕರಪತ್ರ ಇನ್ನೂ ಕಣ್ಣ ಮುಂದಿದೆ. ಟೈಪ್ ಮಾಡಿ ಸೈಕ್ಲೋಸ್ಟೈಲ್ ಮಾಡಿದ್ದು. ನಾಲ್ಕೂ ಮೂಲೆಯಲ್ಲಿ ಪಿನ್ ಚುಚ್ಚಿದ ತೂತು. ಒಂದು ಮೂಲೆಯಲ್ಲಿ ಮಾತ್ರ ಎರಡು ತೂತು, ನಡುವೆ ಸಣ್ಣದಾಗಿ ಹರಿದಿದೆ. ಯಾರೋ ಕಿತ್ತಿದ್ದಾರೆ, ಇನ್ಯಾರೋ ಮತ್ತೆ ಚುಚ್ಚಿದ್ದಾರೆ ಅಂತ ನನಗೆ ಅನ್ನಿಸಿತು. ಕಂಪ್ಯೂಟರ್‌ನಲ್ಲಿ ನೋಡಿದ್ದರೆ ಬರೀ ಅಕ್ಷರ ಓದಿ ಮುಂದೆ ಹೋಗುತ್ತಿದ್ದೆ. ಸಾಧ್ಯವಿದ್ದರೆ ಅಸಲಿ ಕಾಗದವನ್ನೇ ನೋಡಿ, ಹಿಂಬದಿಯನ್ನೂ ನೋಡಿ.

ದೊಡ್ಡ ತಪ್ಪು ಮಾಡಿದ್ದು ಪ್ರದರ್ಶನ ಜೋಡಿಸುವಾಗ. ಗೆಳೆಯರ ಕಡೆಯಿಂದ ಒಂದು ಹಳೇ ಫೋಟೋ ಸಿಕ್ಕಿತ್ತು. ಐದಾರು ಹುಡುಗರು ಮೆಟ್ಟಿಲ ಮೇಲೆ ನಗುತ್ತಾ ಕೂತಿದ್ದರು. ಹಿಂದೆ ಪೆನ್ಸಿಲ್‌ನಲ್ಲಿ ಹೆಸರುಗಳು. ಖುಷಿಯಿಂದ ಹೆಸರೆಲ್ಲ ಟೈಪ್ ಮಾಡಿ ಕೆಳಗೆ ಅಂಟಿಸಿದೆ. ಜೊತೆಗಿದ್ದ ಗೆಳತಿ ಅದನ್ನು ಓದಿ ಕೇಳಿದಳು: "ಇವರಲ್ಲಿ ಯಾರಾದರೂ ಇವತ್ತಿಗೂ ಮನೆಯಲ್ಲಿ ಹೇಳಿಕೊಂಡಿಲ್ಲ ಅಂದ್ರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೇ ಮನೆಯಲ್ಲಿ ಹೇಳಲು ಹತ್ತು ವರ್ಷ ತಗೊಂಡವನು, ನನಗೇ ಅದು ಹೊಳೆದಿರಲಿಲ್ಲ ಅಲ್ವಾ ಅಂತ ತುಂಬಾ ನೋವಾಯಿತು. ಆ ರಾತ್ರಿಯೇ ಚೀಟಿ ತೆಗೆದೆ, ಫೋಟೋವನ್ನೂ ತೆಗೆದೆ. ಸಾರ್ವಜನಿಕವಾಗಿ ಮಾತಾಡಿದವರ ಹೆಸರು ಮಾತ್ರ ಉಳಿಸಿಕೊಂಡೆವು. 1974ರಲ್ಲಿ ಲೆಸ್ಬಿಯನ್ ಅಂತ ಹೇಳಿಕೊಂಡೇ ಚುನಾವಣೆಗೆ ನಿಂತು ಆ್ಯನ್ ಆರ್ಬರ್ ನಗರಸಭೆಗೆ ಗೆದ್ದ ಕ್ಯಾಥಿ ಕೊಜಾಚೆಂಕೊ ಅಂಥವರು. ಉಳಿದವರಿಗೆ 'ಒಬ್ಬ ವಿದ್ಯಾರ್ಥಿ' ಅಂತಲೇ ಬರೆದೆವು.

ಈಗ ಬೆಂಗಳೂರಿನಲ್ಲಿದ್ದೇನೆ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ 'ಕಾಮ್ರಾ' ಅನ್ನುವ ಕ್ವೀರ್ ಆರ್ಕೈವ್ ಇದೆ. ನಮ್ಮವರ ಕಾಗದ, ವಿಡಿಯೊ, ನೆನಪುಗಳನ್ನು ಅಲ್ಲಿ ಕಾಪಾಡುತ್ತಾರೆ ಅಂತ ನನಗಿಂತ ಹಿರಿಯ ಗೆಳೆಯರೊಬ್ಬರಿಗೆ ಹೇಳಿದೆ. ಅವರ ಮನೆಯ ಅಟ್ಟದಲ್ಲಿ ಒಂದು ಟ್ರಂಕು ತುಂಬಾ ಪತ್ರ, ಫೋಟೋ ಇವೆ. ಹೋದ ಭಾನುವಾರ ಇಬ್ಬರೂ ಅದನ್ನು ಕೆಳಗಿಳಿಸಿದೆವು. ತುಕ್ಕು ಹಿಡಿದ ಜೆಮ್ ಕ್ಲಿಪ್‌ಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತಿದ್ದೆ. ಅವರು ಒಂದು ಫೋಟೋ ಕೈಗೆ ತಗೊಂಡು ತುಂಬಾ ಹೊತ್ತು ನೋಡಿದರು.

"ಹಿಂದೆ ಹೆಸರು ಬರೀಲೇನಪ್ಪಾ?"

"ಬರೀರಿ ಅಣ್ಣಾ, ಪೆನ್ಸಿಲ್‌ನಲ್ಲಿ. ಆದ್ರೆ ಯಾವಾಗಿಂದ ಎಲ್ಲರಿಗೂ ತೋರಿಸಬಹುದು ಅಂತ ಇದರಲ್ಲಿ ಇರೋರನ್ನು ಕೇಳಿ, ಅದನ್ನೂ ಬರೀರಿ."

ಅವರು ಫೋಟೋ ತೊಡೆಯ ಮೇಲೆ ಇಟ್ಟುಕೊಂಡು, ಫೋನ್ ತೆಗೆದು, ಮೊದಲನೆಯವರಿಗೆ ಕರೆ ಮಾಡಿದರು.