ಮಕ್ಕಳ ಎಮರ್ಜೆನ್ಸಿ ಪೋಸ್ಟಿಂಗ್‌ಗೆ ಹೋಗುವ ಜೂನಿಯರ್‌ಗಳಿಗೆ

ಮಗು ಬಂದ ಕೂಡಲೇ ಸ್ಟೆತಸ್ಕೋಪ್ ಹಿಡಿದು ಹತ್ತಿರ ಹೋಗಬೇಡಿ. ಅಳು ಶುರುವಾದರೆ ಉಸಿರಿನ ಲೆಕ್ಕ ಕೆಡುತ್ತದೆ, ಎದೆಯ ಸದ್ದೂ ಸರಿಯಾಗಿ ಕೇಳಿಸುವುದಿಲ್ಲ. ಮಗು ಅಮ್ಮನ ಮಡಿಲಲ್ಲೇ ಇರಲಿ. ಅಂಗಿ ಮೇಲೆತ್ತಲು ಅಮ್ಮನಿಗೇ ಹೇಳಿ. ಸ್ವಲ್ಪ ದೂರ ನಿಂತು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ 1 ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಡಬಲ್ ಮಾಡುವುದು ಬೇಡ, ಪುಟ್ಟ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ ಅಲ್ವಾ. 2 ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, 1 ವರ್ಷದೊಳಗೆ 50, 5 ವರ್ಷದೊಳಗೆ 40: ಅಷ್ಟು ಅಥವಾ ಜಾಸ್ತಿ ಇದ್ದರೆ ಉಸಿರಾಟ ವೇಗವಾಗಿದೆ ಎಂದರ್ಥ. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ ಎಣಿಸುತ್ತಾ ನಿಲ್ಲಬೇಡಿ, ಸೀನಿಯರನ್ನು ಕರೆಯಿರಿ.

ಕಿವಿ, ಗಂಟಲು ಕೊನೆಗೆ ನೋಡಿ. ತೂಕವನ್ನು ಮಾತ್ರ ಸುಮ್ನೆ ಕೇಳಿ ಬರೆದುಕೊಳ್ಳಬೇಡಿ, ತೂಗಿ. ಡೋಸ್ ಹಾಕುವುದು ಅದರ ಮೇಲೆಯೇ.