ಕಿವಿ ತಿದ್ದಿದ ಮಾತು

ಧ್ವನಿಮುದ್ರಿಕೆ ಕೇಳಿ ಅಕ್ಷರಕ್ಕಿಳಿಸುವುದು ನನ್ನ ಕೆಲಸ. ಸಂದರ್ಶನ, ಸಭೆ, ಉಪನ್ಯಾಸ, ಯಾವುದಾದರೂ ಸರಿ. ಹೆಚ್ಚಿನವರಿಗೆ ಓದಲು ಯೋಗ್ಯವಾಗುವಂತೆ ಒಪ್ಪ ಮಾಡಿದ ಪಠ್ಯ ಸಾಕು. ಒಮ್ಮೆ ಮಾತ್ರ, ಭಾಷಾ ಸಂಶೋಧನೆಗೆಂದು ಬಂದ ಕೆಲಸದಲ್ಲಿ ಷರತ್ತು ಬೇರೆಯಿತ್ತು: ಬಾಯಿಂದ ಬಂದದ್ದು ಬಂದ ಹಾಗೆಯೇ ಬೇಕು, ತೊದಲು, ತಡವರಿಕೆ, ತಪ್ಪು ಎಲ್ಲವೂ ಸೇರಿ. ತಿದ್ದುವ ಶ್ರಮವಾದರೂ ಉಳಿಯಿತು ಎಂದುಕೊಂಡೆ. ಮೊದಲ ಹತ್ತು ನಿಮಿಷದ ಪಠ್ಯ ಮರಳಿ ಬಂದಾಗ ಅದರಲ್ಲಿ ಇಪ್ಪತ್ತಮೂರು ಕೆಂಪು ಗುರುತುಗಳಿದ್ದವು.

ಒಂದು ಗುರುತು ಇನ್ನೂ ಕಣ್ಣ ಮುಂದಿದೆ. ನಾನು ಬರೆದದ್ದು, ‘ಅವರು ನನಗೆ ಧೈರ್ಯ ಹೇಳಿದರು’. ಮಾತನಾಡಿದವರು ಅಂದದ್ದು, ‘ಧೈರ್ಯ ತುಂಬಿದರು’. ಒಪ್ಪದೆ ಮತ್ತೆ ಕೇಳಿದೆ. ‘ಹೇಳಿದರು’ ಎಂದೇ ಕೇಳಿಸಿತು. ಕೆಂಪು ಗುರುತಿನ ಮೇಲೆ ಕಣ್ಣಿಟ್ಟು ಕೇಳಿದಾಗ ಮಾತ್ರ ‘ತುಂಬಿದರು’ ಸ್ಪಷ್ಟವಾಯಿತು, ಆಮೇಲೆ ‘ಹೇಳಿದರು’ ಎಂದು ಕೇಳಿಸಿಕೊಳ್ಳಲು ಪ್ರಯತ್ನಪಟ್ಟರೂ ಆಗಲಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅದು ಬರುವ ತನಕ ಮನಸ್ಸು ಕೈಕಟ್ಟಿ ಕೂರುವುದಿಲ್ಲ. ‘ನನಗೆ’ ಎಂಬಲ್ಲಿನ ಪ್ರತ್ಯಯ, ‘ಧೈರ್ಯ’ ಎಂಬ ಪದ, ಇಷ್ಟು ಸಿಕ್ಕಿದರೆ ಸಾಕು, ಉಳಿದದ್ದನ್ನು ಊಹಿಸಿಯೇ ಬಿಡುತ್ತದೆ. ಸಂಭಾಷಣೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಅಂತರ ಹೆಚ್ಚಾಗಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಎದುರಿಗಿರುವ ಚಿತ್ರ ನೋಡಿ ಅದರ ಹೆಸರು ಹೇಳುವುದಕ್ಕೇ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಎಂದರೆ ಎದುರಿನವರ ವಾಕ್ಯ ಮುಗಿಯುವ ಮುಂಚೆಯೇ ನಮ್ಮ ಉತ್ತರ ಒಲೆಯ ಮೇಲಿರುತ್ತದೆ. ಊಹೆಯಿಲ್ಲದೆ ಇದು ನಡೆಯುವ ಕೆಲಸವಲ್ಲ.

ಇದು ನನ್ನೊಬ್ಬನ ಕಿವಿಯ ದೋಷವಲ್ಲ ಎಂಬ ಸಮಾಧಾನ ಸಿಕ್ಕಿದ್ದು ಮನೋವಿಜ್ಞಾನಿ ರಿಚರ್ಡ್ ವಾರನ್ ಅವರ 1970ರ ಪ್ರಯೋಗದ ಬಗ್ಗೆ ಓದಿದಾಗ. ಅವರು ಒಂದು ವಾಕ್ಯದ ನಡುವಿನ ಪದವೊಂದರಿಂದ ಒಂದು ಧ್ವನಿಯನ್ನು ಪೂರ್ತಿ ಕತ್ತರಿಸಿ ತೆಗೆದು, ಆ ಜಾಗದಲ್ಲಿ ಕೆಮ್ಮು ಸೇರಿಸಿದ್ದರು. ಕೇಳಿದ 20 ಜನರಲ್ಲಿ 19 ಮಂದಿ ಯಾವ ಧ್ವನಿಯೂ ಕಳೆದಿಲ್ಲ ಎಂದರು. ಉಳಿದ ಒಬ್ಬರು ಕಳೆದಿದೆ ಎಂದರೂ ತಪ್ಪು ಧ್ವನಿಯನ್ನು ಹೆಸರಿಸಿದರು.

ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ ಕೇಳುವುದು ಹೇಗೆ? ವೇಗ ತಗ್ಗಿಸಿ ನೋಡಿದೆ. ಮಾತು ಹಿಟ್ಟಿನಂತೆ ಕಲಸಿಹೋಯಿತೇ ಹೊರತು ಉಪಯೋಗವಾಗಲಿಲ್ಲ. ಪರದೆಯ ಮೇಲೆ ಧ್ವನಿಯ ಅಲೆಗಳನ್ನು ನೋಡುತ್ತಾ ಪದ ಪದ ಬಿಡಿಸೋಣ ಎಂದರೆ ಅಲ್ಲಿ ಪದಗಳೇ ಇರಲಿಲ್ಲ. ‘ಅಪ್ಪ ಊರಿಗೆ ಹೋದರು’ ಎಂಬಲ್ಲಿ ‘ಅಪ್ಪ’ಕ್ಕೂ ‘ಊರಿಗೆ’ಗೂ ನಡುವೆ ಒಂದು ಕೂದಲೆಳೆಯಷ್ಟೂ ಬಿಡುವಿಲ್ಲ, ಎರಡೂ ಬೆಸೆದುಕೊಂಡಿವೆ. ಖಾಲಿ ಜಾಗ ಇದ್ದದ್ದು ‘ಅಪ್ಪ’ ಎಂಬ ಪದದ ಹೊಟ್ಟೆಯೊಳಗೆ, ‘ಪ್ಪ’ ಹೇಳಲು ತುಟಿ ಮುಚ್ಚಿದ ಆ ಕ್ಷಣದಲ್ಲಿ. ಕಾಗದದ ಮೇಲೆ ನಾವು ಬಿಡುವ ಜಾಗಕ್ಕೂ ಗಾಳಿಯಲ್ಲಿರುವ ಮೌನಕ್ಕೂ ಸಂಬಂಧವಿಲ್ಲ. ಗೆರೆ ಎಳೆಯುವವರು ನಾವೇ.

ಕೊನೆಗೆ ಹೊಂದಿದ ಉಪಾಯ ಹೀಗಿದೆ. ಧ್ವನಿಯನ್ನು ಎರಡೆರಡು ಸೆಕೆಂಡಿನ ತುಂಡು ಮಾಡಿ, ಕೊನೆಯ ತುಂಡಿನಿಂದ ಹಿಂದಕ್ಕೆ ಕೇಳುತ್ತಾ ಬರುವುದು. ತುಂಡನ್ನು ತಿರುಗಿಸುವುದಲ್ಲ, ಕ್ರಮವನ್ನಷ್ಟೇ ತಿರುಗಿಸುವುದು. ಆಗ ಅರ್ಥದ ಎಳೆ ಕಡಿಯುತ್ತದೆ, ಊಹೆಗೆ ಹಿಡಿಯಲು ಏನೂ ಸಿಗುವುದಿಲ್ಲ, ಕಿವಿ ಅನಿವಾರ್ಯವಾಗಿ ಕೆಲಸ ಮಾಡುತ್ತದೆ. ಆಮೇಲೆ ಮೊದಲಿನಿಂದ ಒಮ್ಮೆ ಕೇಳಿ, ಎರಡು ಸಲ ಬರೆದದ್ದೂ ಎಲ್ಲೆಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ನಿಲ್ಲುತ್ತೇನೆ. ಬೇಸರದ ಕೆಲಸ. ಆದರೆ ಮುಂದಿನ ಪಠ್ಯ ಬಹುಮಟ್ಟಿಗೆ ಶುದ್ಧವಾಗಿ, ಅಂದರೆ ಅಶುದ್ಧವೆಲ್ಲ ಸರಿಯಾಗಿ ಉಳಿದುಕೊಂಡು, ಹೋಯಿತು.

ಆಮೇಲೆ ತಪ್ಪುಗಳೇ ರುಚಿಸತೊಡಗಿದವು. ಒಂದು ಪುಸ್ತಕ ಇಟ್ಟು ಬಾಯಿತಪ್ಪುಗಳನ್ನು ಬರೆದಿಡುತ್ತಾ ಬಂದೆ. ಫ್ರಾಯ್ಡ್ 1901ರಲ್ಲಿ ಇಂಥ ತಪ್ಪುಗಳ ಹಿಂದೆ ಅದುಮಿಟ್ಟ ಆಸೆಗಳನ್ನು ಹುಡುಕಿದರು. ನನ್ನ ಪುಸ್ತಕದಲ್ಲಿ ಅಂಥ ರಹಸ್ಯ ಒಂದೂ ಸಿಕ್ಕಿಲ್ಲ. ಒಬ್ಬರು ‘ಬಿಸಿ ನೀರು’ ಎನ್ನಲು ಹೋಗಿ ‘ನಿಸಿ ಬೀರು’ ಎಂದರು. ಇದರಲ್ಲಿ ಯಾವ ಆಸೆ? ಜಾಗ ಬದಲಿಸಿದ್ದು ‘ಬ’ ಮತ್ತು ‘ನ’ ಮಾತ್ರ. ಹ್ರಸ್ವ ಹ್ರಸ್ವದ ಜಾಗದಲ್ಲಿ, ದೀರ್ಘ ದೀರ್ಘದ ಜಾಗದಲ್ಲಿ ಅಲುಗಾಡದೆ ಕೂತಿವೆ. ‘ಬಿಸಿ’ ಬಾಯಿಂದ ಹೊರಡುವ ಮೊದಲೇ ‘ನೀರು’ ಸಿದ್ಧವಾಗಿ ನಿಂತಿರದಿದ್ದರೆ ಅದರ ‘ನ’ ಮುಂದಕ್ಕೆ ನುಗ್ಗುತ್ತಿರಲಿಲ್ಲ.

ಅದಕ್ಕಿಂತ ನನಗೆ ಪ್ರಿಯವಾದದ್ದು ಇನ್ನೊಂದು. ‘ಚಾಕುವಿನಿಂದ ಹಣ್ಣನ್ನು ಕತ್ತರಿಸಿದೆ’ ಎನ್ನಬೇಕಾದವರು ‘ಹಣ್ಣಿನಿಂದ ಚಾಕುವನ್ನು ಕತ್ತರಿಸಿದೆ’ ಎಂದರು. ವಿಭಕ್ತಿ ಸೇರಿದ ಸಿದ್ಧಪದಗಳೇ ಅದಲುಬದಲಾಗಿದ್ದರೆ ‘ಹಣ್ಣನ್ನು ಚಾಕುವಿನಿಂದ ಕತ್ತರಿಸಿದೆ’ ಎಂದಾಗಬೇಕಿತ್ತು. ಅದು ಕನ್ನಡದಲ್ಲಿ ತಪ್ಪೇ ಅಲ್ಲ, ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇಲ್ಲಿ ಹಾಗಾಗಿಲ್ಲ. ವಿಭಕ್ತಿಗಳು ತಮ್ಮ ಜಾಗದಲ್ಲೇ ನಿಂತಿವೆ, ನಾಮಪದಗಳಷ್ಟೇ ಸ್ಥಾನ ಬದಲಿಸಿವೆ. ಅಷ್ಟೇ ಅಲ್ಲ, ತಪ್ಪಿ ಬಂದ ‘ಚಾಕು’ವಿಗೆ ವಕಾರ ಸೇರಿ ‘ಚಾಕುವನ್ನು’ ಎಂದೇ ಆಗಿದೆ. ಪದ ತಪ್ಪಿದ ಮೇಲೂ ವ್ಯಾಕರಣ ಸಾವಧಾನವಾಗಿ ಸಂಧಿ ಮಾಡಿ ಕಳಿಸಿದೆ. ಅಂದರೆ ವಾಕ್ಯದ ಚೌಕಟ್ಟು ಒಂದು ಕಡೆ, ಪದಗಳನ್ನು ಆರಿಸಿ ಅದರಲ್ಲಿ ಕೂರಿಸುವುದು ಇನ್ನೊಂದು ಕಡೆ, ಧ್ವನಿಯ ಅಂಚು ಹೊಂದಿಸುವುದು ಅದಾದ ಮೇಲೆ. 1971ರಲ್ಲಿ ಭಾಷಾವಿಜ್ಞಾನಿ ವಿಕ್ಟೋರಿಯಾ ಫ್ರಾಮ್ಕಿನ್ ಇಂಗ್ಲಿಷ್ ಬಾಯಿತಪ್ಪುಗಳಲ್ಲಿ ಇದೇ ಬಗೆಯ ಹೊಂದಾಣಿಕೆಯನ್ನು ತೋರಿಸಿಕೊಟ್ಟಿದ್ದರು.

ಕೆಲಸ ಕೊಟ್ಟವರು ನನ್ನ ವಿಧಾನವನ್ನು ತಮ್ಮ ತಂಡದ ಇತರರಿಗೂ ವಿವರಿಸಿ ಎಂದರು. ಮೊಬೈಲಿನಲ್ಲಿ ನಾಲ್ಕು ನಿಮಿಷ ಮಾತನಾಡಿ ಕಳಿಸಿದೆ. ಕಳಿಸುವ ಮುಂಚೆ ಒಮ್ಮೆ ಕೇಳಿಯೂ ನೋಡಿದ್ದೆ, ಎಲ್ಲ ಸರಿಯಿತ್ತು. ತಿಂಗಳಾದ ಮೇಲೆ ಅದನ್ನೇ ಅಕ್ಷರಕ್ಕಿಳಿಸಲು ತುಂಡು ಮಾಡಿ ಹಿಂದಿನಿಂದ ಕೇಳಿದಾಗ ತಿಳಿಯಿತು: ‘ಕೊನೆಯಿಂದ ಮೊದಲಿಗೆ ಕೇಳಬೇಕು’ ಎನ್ನುವಲ್ಲಿ ನಾನು ‘ಮೊದಲಿನಿಂದ ಕೊನೆಗೆ ಕೇಳಬೇಕು’ ಎಂದಿದ್ದೆ. ತಂಡದವರನ್ನು ವಿಚಾರಿಸಿದೆ. ಅಷ್ಟೂ ಜನ ಕೊನೆಯಿಂದಲೇ ಕೇಳುತ್ತಿದ್ದರು.