ಹಳೇ ಹೌಸಿಂಗ್‌ನಲ್ಲೇ ಏಳೂವರೆ: ಒಂದು 13ಬಿ ರೀಬಿಲ್ಡ್‌ನ ಲೆಕ್ಕ

ಮೊದಲು ಅಂಕಿ ಹೇಳಿಬಿಡುತ್ತೇನೆ, ಆಮೇಲೆ ಬೈಯುವವರು ಬೈಯಲಿ. ಇಂಜಿನ್ ಬಿಸಿಯಿದ್ದಾಗ, 250 ಆರ್‌ಪಿಎಂಗೆ ಹೊಂದಿಸಿದ ಲೆಕ್ಕದಲ್ಲಿ ಮುಂದಿನ ರೋಟರಿನ ಮೂರು ಮುಖಗಳ ಕಂಪ್ರೆಷನ್ (ಒಳಗೆ ಅದುಮಿದ ಗಾಳಿಯ ಒತ್ತಡ) 7.6, 7.5, 7.7. ಹಿಂದಿನದು 7.4, 7.5, 7.3. ಎಲ್ಲ ಚದರ ಸೆಂಟಿಮೀಟರಿಗೆ ಕಿಲೋ. ಗಾಡಿ ಮಾಜ್ದಾ ಆರ್‌ಎಕ್ಸ್-7, ಎಫ್‌ಸಿ, ಟರ್ಬೊ ಇಲ್ಲದ 13ಬಿ ರೋಟರಿ ಇಂಜಿನ್, ಅಂದರೆ ಪಿಸ್ಟನ್ ಬದಲು ಮೂರು ಮುಖದ ಎರಡು ರೋಟರ್ ತಿರುಗುವಂಥದ್ದು. ಮ್ಯಾನ್ಯುಯಲ್ ಪ್ರಕಾರ 6ರ ಕೆಳಗೆ ಹೋದರೆ ಇಂಜಿನ್ ಬಿಚ್ಚಬೇಕು. ಎರಡೂ ರೋಟರ್ ಹೌಸಿಂಗ್ (ರೋಟರ್ ತಿರುಗುವ, ಒಳಗೆ ಕ್ರೋಮ್ ಲೇಪಿಸಿದ ಕವಚ) ಹಳೆಯವೇ. "ಹಳೇ ಕ್ರೋಮ್ ಮೇಲೆ ಹೊಸ ಸೀಲ್ ಕೂರುವುದಿಲ್ಲ, ದುಡ್ಡು ಹೊಳೆಗೆ ಹಾಕಿದಂತೆ" ಅಂದವರ ಸಂಖ್ಯೆ ಸಣ್ಣದಲ್ಲ. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಮೊದಲ ಎರಡು ಸಲ ಅವರೇ ಗೆದ್ದರು.

ಈ ಇಂಜಿನ್ನಿನ ಹುಚ್ಚು ಯಾಕೆಂದು ಇದನ್ನು ಓದುವವರಿಗೆ ಹೇಳಬೇಕಿಲ್ಲ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಮೇಲೆ ಕೆಳಗೆ ಕುಟ್ಟುವ ಪಿಸ್ಟನ್ ಇಲ್ಲ. 1308 ಸಿಸಿಯ ಪುಟ್ಟ ಗಡ್ಡೆ ಮುಂದಿನ ಚಕ್ರಗಳ ಗೆರೆಯಿಂದ ಹಿಂದಕ್ಕೆ ಸರಿದು ಕೂತಿರುವುದರಿಂದ ಮೂತಿ ಹಗುರ, ಸ್ಟಿಯರಿಂಗ್ ಹೇಳಿದಲ್ಲಿ ತಿರುಗುತ್ತದೆ. ಆರ್‌ಪಿಎಂ ಏರಿದಷ್ಟೂ ನಡುಕ ಕಡಿಮೆಯಾಗುತ್ತಾ ಹೋಗುವುದರಿಂದ ಎಲ್ಲಿ ನಿಲ್ಲಿಸಬೇಕೆಂದು ಕೈಕಾಲಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಕಂಪನಿಯವರು ಬಜ್ಜರ್ ಇಟ್ಟರು. ಅದು ಕೂಗುವವರೆಗೆ ಕಾಲು ತೆಗೆಯಲು ಮನಸ್ಸಾಗುವುದಿಲ್ಲ.

ಅದೇ ವಿನ್ಯಾಸದ ಹೊಟ್ಟೆಯಲ್ಲೇ ಅದರ ರೋಗವೂ ಇದೆ. ಪೆಟ್ರೋಲ್ ಉರಿಯುವ ಜಾಗ ಉದ್ದ, ತೆಳು, ಅದೂ ಓಡುತ್ತಲೇ ಇರುತ್ತದೆ. ಜ್ವಾಲೆ ಗೋಡೆಗೆ ತಾಗಿ ಆರುತ್ತದೆ, ಉರಿಯದೆ ಉಳಿದದ್ದು ಸೈಲೆನ್ಸರಿನ ದಾರಿ ಹಿಡಿಯುತ್ತದೆ. ನನ್ನದು ಲೀಟರಿಗೆ ಏಳು ಕಿಲೋಮೀಟರ್ ಕೊಟ್ಟರೆ ಅದು ಒಳ್ಳೆಯ ವಾರ. ಸೀಲುಗಳಿಗೆ ಜಿಡ್ಡು ಬೇಕೆಂದು ಇಂಜಿನ್ ಆಯಿಲನ್ನೇ ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟು ಸುಡುತ್ತದೆ, ಸುಮಾರು 1,500-2,000 ಕಿಲೋಮೀಟರಿಗೆ ಒಂದು ಲೀಟರ್. ಡಿಪ್‌ಸ್ಟಿಕ್ ನೋಡಲು ಬೇಸರಪಡುವವರು ರೋಟರಿ ಕೊಳ್ಳಬಾರದು.

ಬಿಚ್ಚುವ ಮೊದಲೇ ಅರ್ಧ ರೋಗ ತಿಳಿಯುತ್ತದೆ. ಪಿಸ್ಟನ್ ಇಂಜಿನ್ನಿನ ಗೇಜ್ ಮೂರು ಮುಖಗಳಲ್ಲಿ ಹೆಚ್ಚಿನದೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಅದರ ವಾಲ್ವನ್ನು ಒತ್ತಿ ಹಿಡಿದು, ಮುಳ್ಳು ಕುಣಿಯುವುದನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ಮೂರೂ ಮುಖ ಬೇರೆ ಬೇರೆಯಾಗಿ ಕಾಣುತ್ತವೆ. ಒಂದೇ ಕುಣಿತ ಸಣ್ಣದಿದ್ದರೆ ರೋಟರಿನ ಬದಿಯಲ್ಲಿ ಮುಖದ ಉದ್ದಕ್ಕೂ ಕೂರುವ ಸೈಡ್ ಸೀಲ್ ಕಡೆ ನೋಡಿ, ಅದು ಒಂದೇ ಮುಖದ ಸ್ವತ್ತು. ಅಕ್ಕಪಕ್ಕದ ಎರಡು ಕುಣಿತ ಬಿದ್ದಿದ್ದರೆ ಮೂಲೆಯ ಅಪೆಕ್ಸ್ ಸೀಲ್ ಅಥವಾ ಅದರ ಕೊನೆಗಳಲ್ಲಿ ಕೂರುವ ಕಾರ್ನರ್ ಸೀಲ್, ಏಕೆಂದರೆ ಆ ಮೂಲೆ ಎರಡು ಮುಖಗಳಿಗೂ ಸೇರಿದ್ದು. ನನ್ನದರಲ್ಲಿ ಮೂರೂ ಸಮನಾಗಿ ಬಿದ್ದಿದ್ದವು, ಐದರ ಆಸುಪಾಸು. ಅಂದರೆ ಮುರಿದದ್ದು ಏನೂ ಇಲ್ಲ, ಎಲ್ಲವೂ ಸವೆದಿದೆ. ಹಳೇ ಹೌಸಿಂಗ್ ಉಳಿಸುವ ಆಸೆ ಹುಟ್ಟಿದ್ದು ಅಲ್ಲಿ.

ಹಣದ ಮಾತು ಇಲ್ಲೇ ಆಗಿಹೋಗಲಿ. ಹೊಸ ಹೌಸಿಂಗ್ ಎರಡು ತಂದರೆ ಆ ದುಡ್ಡಿಗೆ ಪೂರ್ತಿ ಸೀಲ್ ಸೆಟ್ ಒಂದೂವರೆ ಸಲ ಬರುತ್ತದೆ. ಐರನ್ (ಹೌಸಿಂಗಿನ ಬದಿಗಳನ್ನು ಮುಚ್ಚುವ ಕಬ್ಬಿಣದ ತಟ್ಟೆ) ಮೂರನ್ನೂ ಬದಲಿಸಿದರೆ ಗಾಡಿಯ ಬೆಲೆಗಿಂತ ಇಂಜಿನ್ನಿನ ಬೆಲೆ ಮೇಲೆ. ಹಳೆಯದನ್ನೇ ಇಟ್ಟುಕೊಂಡ ನನಗೆ, ಕೆಟ್ಟುಹೋದ ಎರಡು ಪ್ರಯತ್ನಗಳ ಗ್ಯಾಸ್ಕೆಟ್ ಮತ್ತು ಸೀಲ್ ಸೇರಿಸಿಯೂ, ಎಲ್ಲ ಹೊಸದು ಹಾಕುವ ಖರ್ಚಿನ ಅರ್ಧಕ್ಕಿಂತ ತುಸು ಹೆಚ್ಚು ಬಿತ್ತು. ಮೊದಲ ಸಲವೇ ಸರಿಯಾಗಿದ್ದರೆ ಮೂರರಲ್ಲಿ ಒಂದು ಪಾಲು.

ಯಾವ ಹೌಸಿಂಗ್ ಉಳಿಯುತ್ತದೆ? ಉಗುರು ಎಳೆದು ನೋಡಿ. ಪ್ಲಗ್ ತೂತಿನ ಸುತ್ತ ಮತ್ತು ಎಕ್ಸಾಸ್ಟ್ ಪೋರ್ಟಿನ ಅಂಚಿನಲ್ಲಿ ಕ್ರೋಮ್ ಸಿಪ್ಪೆ ಏಳುತ್ತದೆ. ಅಂಚಿನಲ್ಲಿ ಒಂದೆರಡು ಮಿಮೀ ಎದ್ದಿದ್ದರೆ ನಾನು ಇಟ್ಟುಕೊಳ್ಳುತ್ತೇನೆ, ಸೀಲ್ ಓಡುವ ಪಥದ ನಡುವೆ ಎದ್ದಿದ್ದರೆ ಬಿಸಾಕುತ್ತೇನೆ. ಆಮೇಲೆ ಮೈಕ್ರೋಮೀಟರ್. ಅಗಲ 80 ಮಿಮೀ, ಸುತ್ತಲೂ ನಾಲ್ಕೈದು ಕಡೆ ಅಳೆದಾಗ ಹೆಚ್ಚು ಕಡಿಮೆ 0.06 ದಾಟಿದ್ದರೆ ಅದಕ್ಕೆ ಯಾವ ಸೀಲೂ ಮದ್ದಲ್ಲ. ಅಡ್ಡಡ್ಡ ಅಲೆ ಅಲೆ ಗೀರು ಕಂಡರೆ ಅದೂ ಹೊರಗೆ. 1960ರ ದಶಕದಲ್ಲಿ ಹಿರೋಷಿಮಾದ ಮಾಜ್ದಾ ಇಂಜಿನಿಯರುಗಳು ಇದಕ್ಕೇ ದೆವ್ವದ ಉಗುರಿನ ಗುರುತು ಅಂತ ಹೆಸರಿಟ್ಟದ್ದು. ಕೆನಿಚಿ ಯಮಮೊಟೊ ತಂಡ ಅಲ್ಯೂಮಿನಿಯಂ ಬೆರೆಸಿದ ಕಾರ್ಬನ್ ಸೀಲ್‌ನಿಂದ ಅದನ್ನು ಓಡಿಸಿದ ಮೇಲೇ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಹೊರಬಂದದ್ದು.

ಐರನ್ ಮೇಲೆ ಸೈಡ್ ಸೀಲ್ ಉಜ್ಜಿ ಮಾಡಿದ ಮೆಟ್ಟಿಲು 0.10ರ ಒಳಗಿರಬೇಕು, ಬಾಗು 0.04ರ ಒಳಗೆ. ನನ್ನ ನಡುವಿನ ಐರನ್ 0.10 ದಾಟಿತ್ತು. ಲ್ಯಾಪಿಂಗ್ (ಉಜ್ಜಿ ಸಮತಟ್ಟು ಮಾಡುವುದು) ಮಾಡಿಸಿದೆ. ಲ್ಯಾಪಿಂಗಿನಲ್ಲಿ ಮೇಲಿನ ನೈಟ್ರೈಡ್ ಗಟ್ಟಿ ಪದರವೂ ಹೋಗುತ್ತದೆ ಎನ್ನುವುದು ನಿಜ. ಅದಕ್ಕೆ ಬೇರೆ ಎರಡು ಐರನ್‌ಗಳನ್ನು ಮುಟ್ಟಲಿಲ್ಲ.

ಇನ್ನು ಮೊದಲ ಸೋಲು. ಆರೂ ಅಪೆಕ್ಸ್ ಸೀಲ್ ಹೊಸವು, ಹನ್ನೆರಡೂ ಸೈಡ್ ಸೀಲ್ ಹೊಸವು, ಆದರೆ ಸೈಡ್ ಸೀಲುಗಳನ್ನು ಪೆಟ್ಟಿಗೆಯಿಂದ ತೆಗೆದ ಹಾಗೇ ಕೂರಿಸಿದೆ, ಅಪೆಕ್ಸ್ ಸ್ಪ್ರಿಂಗುಗಳನ್ನು ಹಳೆಯವೇ ಬಿಟ್ಟೆ. ತಣ್ಣಗಿದ್ದಾಗ ಚೆಂದ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ಆರಿಸಿದರೆ ಹತ್ತು ಸೆಕೆಂಡ್ ಕ್ರ್ಯಾಂಕ್. ಅಳೆದರೆ 5.7. ಬಿಚ್ಚಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳು) ಇಟ್ಟಾಗ ಸೈಡ್ ಸೀಲ್ ಮತ್ತು ಕಾರ್ನರ್ ಸೀಲ್ ನಡುವೆ ಕೆಲವು ಕಡೆ 0.20, ಒಂದು ಕಡೆ 0.25. ಮ್ಯಾನ್ಯುಯಲ್ 0.40ರವರೆಗೆ ಬಿಡುತ್ತದೆ, ಆದ್ದರಿಂದಲೇ ಜನ ಮೋಸಹೋಗುತ್ತಾರೆ. ಹೊಸ ಹೌಸಿಂಗ್ ಇದ್ದಾಗ ಆ ಸೋರಿಕೆ ಮುಚ್ಚಿಹೋಗುತ್ತದೆ, ಹಳೆಯದರಲ್ಲಿ ಹೋಗುವುದಿಲ್ಲ.

ನನ್ನ ವಿಧಾನ ಅಂತ ಏನಾದರೂ ಇದ್ದರೆ ಅದು ಇಷ್ಟೇ: ಹೌಸಿಂಗಿನಲ್ಲಿ ಕಳೆದುಕೊಂಡದ್ದನ್ನು ಸೈಡ್ ಸೀಲಿನ ತುದಿಯಲ್ಲಿ ವಾಪಸ್ ಪಡೆಯುವುದು. ತುಸು ಉದ್ದವಿರುವ ಸೀಲ್ ತೆಗೆದುಕೊಂಡು, ಒಂದೇ ತುದಿಯನ್ನು ನುಣುಪಾದ ಅರದಲ್ಲಿ ಎರಡೆರಡೇ ಎಳೆತ ಉಜ್ಜಿ, ಪ್ರತಿ ಸಲ ಅದೇ ತೋಡಿನಲ್ಲಿಟ್ಟು, ಅದೇ ಕಾರ್ನರ್ ಸೀಲಿಗೆ ತಾಗಿಸಿ ಅಳೆಯುವುದು. 0.05ರ ಎಲೆ ಬಿಗಿಯಾಗಿ ಹೋಗಬೇಕು, 0.08ರದು ಹೋಗಬಾರದು. 0.05ಕ್ಕಿಂತ ಕಡಿಮೆ ಮಾಡಿದಿರೋ, ಬಿಸಿಗೆ ಹಿಗ್ಗಿ ಸಿಕ್ಕಿಕೊಂಡು ಐರನ್ ಕೆರೆಯುತ್ತದೆ. ಒಂದೊಂದು ಸೀಲಿಗೆ ಇಪ್ಪತ್ತು ನಿಮಿಷ, ನಾಲ್ಕು ಹಾಳಾದವು, ಒಟ್ಟು ಎರಡು ಸಂಜೆ. ಮುಗಿದದ್ದನ್ನು ಮೊಟ್ಟೆ ತಟ್ಟೆಯ ಗುಳಿಯಲ್ಲಿ ರೋಟರ್, ಬದಿ, ಮುಖ ಬರೆದು ಇಡಿ, ಅದಲು ಬದಲಾದರೆ ಕೆಲಸವೆಲ್ಲ ವ್ಯರ್ಥ. ತುದಿಯ ಬಾಗು ಕಾರ್ನರ್ ಸೀಲಿನ ಬಾಗಿಗೆ ಸರಿಯಾಗಿ ಕೂರಲು ಒಂದು ಅಚ್ಚು ಮಾಡಿಕೊಂಡಿದ್ದೇನೆ. ಅದರ ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅಪೆಕ್ಸ್ ಸೀಲ್ ವಿಷಯದಲ್ಲಿ ಹೊಸದೆಂದು ನಂಬಬೇಡಿ. ಗಾಜಿನ ಮೇಲಿಟ್ಟು ಬಾಗು ನೋಡಿ, 0.06ಕ್ಕಿಂತ ಹೆಚ್ಚಿದ್ದರೆ ವಾಪಸ್. ಉಕ್ಕಿನ ಆಫ್ಟರ್‌ಮಾರ್ಕೆಟ್ ಸೀಲ್ ಮುರಿಯದೆ ಬಾಗುತ್ತದೆ, ನಾಕಿಂಗ್ ಬಂದರೂ ಚೂರು ಟರ್ಬೊಗೆ ಹೋಗುವುದಿಲ್ಲ ಎನ್ನುವುದು ಸರಿಯೇ. ಆದರೆ ಅದು ಕ್ರೋಮ್ ತಿನ್ನುತ್ತದೆ. ಹೌಸಿಂಗ್ ಉಳಿಸಲು ಹೊರಟವನು ಅದನ್ನು ಹಾಕುವುದು ಬೇಲಿಯೇ ಹೊಲ ಮೇಯ್ದಂತೆ. ನಾನು ಮಾಜ್ದಾದ 2 ಮಿಮೀ ಸೀಲನ್ನೇ ಹಾಕಿದೆ. 2023ರಲ್ಲಿ ಎಂಎಕ್ಸ್-30 ಕಾರಿನ ಜನರೇಟರಾಗಿ ಬಂದ 830 ಸಿಸಿಯ ಒಂಟಿ ರೋಟರಿನಲ್ಲಿ ಅವರೇ ಅದನ್ನು 2.5ಕ್ಕೆ ದಪ್ಪ ಮಾಡಿದ್ದಾರೆ.

ಎರಡನೇ ಸೋಲು ಕೂಲೆಂಟ್ ಸೀಲಿನದು, ಅಂದರೆ ತಂಪಿನ ನೀರು ಒಳಗೆ ಸೋರದಂತೆ ತಡೆಯುವ ರಬ್ಬರಿನದು, ಇದರಲ್ಲಿ ಬೇರೆ ಯಾರನ್ನೂ ದೂರುವಂತಿಲ್ಲ. ಈ ಇಂಜಿನ್ನಿನಲ್ಲಿ ಆ ರಬ್ಬರು ಕೂರುವ ತೋಡು ಐರನ್‌ನಲ್ಲಿದೆ. ಮುಂದಿನ ಐರನ್ ಕೆಳಗಿಟ್ಟು ಮೇಲೆ ಮೇಲೆ ಜೋಡಿಸುತ್ತಾ ಬರುವಾಗ ನಡುವಿನ ಐರನ್ನಿನ ಕೆಳಮುಖದ ಸೀಲ್ ತಲೆಕೆಳಗಾಗಿ ನೇತಾಡುತ್ತದೆ. ಅದೇ ಹೊತ್ತಿಗೆ ಶಾಫ್ಟನ್ನು 25 ಮಿಮೀಯಷ್ಟು ಮೇಲೆತ್ತಿ ಹಿಡಿಯಬೇಕು, ಇಲ್ಲದಿದ್ದರೆ ಐರನ್ ಇಳಿಯುವುದಿಲ್ಲ. ಕೈ ಎರಡೇ ಇರುವುದರಿಂದ ಸೀಲ್ ಜಾರಿದ್ದು ಕಾಣಲಿಲ್ಲ. ಸ್ಟಾರ್ಟ್ ಮಾಡಿ ಅರ್ಧ ಗಂಟೆಗೆ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ. ಬಿಚ್ಚಿದಾಗ ಒಳಗಿನ ಸೀಲ್ ಪ್ಲಗ್ ಬದಿಯಲ್ಲಿ ಎರಡು ಅಂಗುಲ ಚಪ್ಪಟೆ. ಮೂರನೇ ಸಲ ಸೀಲ್ ಹಿಡಿದಿಡಲು ವ್ಯಾಸಲೀನ್ ಬದಲು ಗ್ಯಾಸ್ಕೆಟ್ ಅಂಟನ್ನು ಕೂದಲೆಳೆಯಷ್ಟು ಬಳಿದು, ಕಾಲು ಗಂಟೆ ಆರಲು ಬಿಟ್ಟು, ಐರನ್ ತಿರುಗಿಸಿ ಕುಟ್ಟಿ ನೋಡಿದ ಮೇಲೇ ಇಳಿಸಿದೆ. ತೋಡಿನ ಪಕ್ಕದ ತೆಳು ಗೋಡೆ ತುಕ್ಕು ತಿಂದಿದೆಯೋ ಎಂದೂ ಅದೇ ಹೊತ್ತಿನಲ್ಲಿ ನೋಡಿಕೊಳ್ಳಿ. ತಿಂದಿದ್ದರೆ ಅಂಟೂ ಉಳಿಸುವುದಿಲ್ಲ. ಟೆನ್ಷನ್ ಬೋಲ್ಟುಗಳಿಗೆ ಮೂರು ಸುತ್ತಿನಲ್ಲಿ 35 ನ್ಯೂಟನ್ ಮೀಟರ್ ಸಾಕು.

ಶಾಫ್ಟಿನ ಮುಂತುದಿಯ ಬೋಲ್ಟಿನ ವಿಷಯ ಗೊತ್ತಿದ್ದವರೂ ಎಡವುವ ಜಾಗ. ಇಂಜಿನ್ ಅಡ್ಡ ಮಲಗಿರುವಾಗ ಆ 19ರ ಬೋಲ್ಟ್ ಸಡಿಲಿಸಿದರೆ ಒಳಗಿನ ನೀಡಲ್ ಬೇರಿಂಗ್ ಜಾರಿ ಕೆಳಗಿಳಿಯುತ್ತದೆ. ಮತ್ತೆ ಬಿಗಿದಾಗ ಪ್ಲೇಟಿಗೂ ಸ್ಪೇಸರಿಗೂ ನಡುವೆ ಅಪ್ಪಚ್ಚಿ. ಬೋಲ್ಟ್ ಬಿಗಿದ ಮೇಲೆ ಫ್ಲೈವೀಲಿಗೆ ಡಯಲ್ ಗೇಜ್ ಹಚ್ಚಿ ಹಿಂದೆ ಮುಂದೆ ತಳ್ಳಿ, 0.04ರಿಂದ 0.07 ಬರಬೇಕು. ಮುಳ್ಳು ಅಲ್ಲಾಡದಿದ್ದರೆ ಸ್ಟಾರ್ಟರ್ ಮುಟ್ಟಬೇಡಿ. ಮೂತಿ ಮೇಲೆ ಮಾಡಿ ಇಂಜಿನ್ ನಿಲ್ಲಿಸಿ ಬಿಚ್ಚಿದರೆ ಈ ತಾಪತ್ರಯವೇ ಇಲ್ಲ.

ಮೊದಲ ಸ್ಟಾರ್ಟಿಗೆ ಮುಂಚೆ ಪ್ರತಿ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್, ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು ಪ್ರೆಶರ್ ಬರುವ ತನಕ ಕ್ರ್ಯಾಂಕ್. ಆಯಿಲ್ ಪಂಪ್ ಒಳಗೆ ಬಿಡುವುದರ ಜೊತೆಗೆ ಪೆಟ್ರೋಲಿಗೂ ಟೂ ಸ್ಟ್ರೋಕ್ ಆಯಿಲ್ ಬೆರೆಸುತ್ತೇನೆ, ಲೀಟರಿಗೆ 4 ಎಂಎಲ್. ರನ್ನಿಂಗ್ ಇನ್‌ನಲ್ಲಿ ಅದರ ಎರಡರಷ್ಟು. ಮೊದಲ 1,500 ಕಿಲೋಮೀಟರ್ 4,000 ದಾಟಲಿಲ್ಲ. ಹಳೇ ಹೌಸಿಂಗಿಗೆ ಸೀಲ್ ಹೊಂದಿಕೊಳ್ಳುವುದು ನಿಧಾನ: 300ಕ್ಕೆ 6.4, 1,000ಕ್ಕೆ 7 ಚಿಲ್ಲರೆ, ಆಮೇಲೆ ಮೇಲಿನ ಅಂಕಿ. 300ರಲ್ಲೇ ಅಳೆದು ಕೈಚೆಲ್ಲುವವರು ಹೆಚ್ಚು.

ಇಂಜಿನ್ ಮತ್ತೆ ಓಡತೊಡಗಿದ ಮೇಲೆ ಒಂದೆರಡು ಪ್ರಯೋಗಗಳೂ ಆದವು. ಸೈಲೆನ್ಸರ್ ಬದಲಿಸಿ ದಾರಿ ಅಗಲ ಮಾಡಿದಾಗ ಮೇಲಿನ ಆರ್‌ಪಿಎಂನ ಪಿಕಪ್ ಹೋಗಿಬಿಟ್ಟಿತು. 1988ರವರೆಗಿನ ಎಫ್‌ಸಿಯಲ್ಲಿ ಐದು, ಆರನೇ ಪೋರ್ಟ್ (ಗಾಳಿ ಒಳಬರುವ ಹೆಚ್ಚುವರಿ ದಾರಿ) ತೆರೆಯುವುದು ಎಕ್ಸಾಸ್ಟಿನ ಹಿಂಒತ್ತಡದಿಂದ. ಅದು ಕಡಿಮೆಯಾದರೆ 3,800ರಲ್ಲಿ ತೆರೆಯಬೇಕಾದ ತೋಳು ತೆರೆಯುವುದಿಲ್ಲ. ಸಣ್ಣ ಗಾಳಿ ಪಂಪ್ ಜೋಡಿಸಿ ಸರಿಮಾಡಿದೆ. ನಿರ್ವಾತದ ಪೈಪಿನಿಂದ ನೀರು ಹನಿಸಿ ಮಸಿ ತೊಳೆಯುವ ಆಟವೂ ಆಯಿತು, 2,500ರಲ್ಲಿ ಅರ್ಧ ಲೀಟರ್. ಅಂಟಿಕೊಂಡ ಸೀಲಿಗೆ ಕೆಲಸ ಮಾಡುತ್ತದೆ, ಸವೆದದ್ದಕ್ಕೆ ಇಲ್ಲ.

ಆರ್‌ಎಕ್ಸ್-8 ಇಟ್ಟವರು ಇದೇ ಅಂಕಿ ಹಿಡಿದು ಹೊರಡಬೇಡಿ. ಅದರಲ್ಲಿ ಎಕ್ಸಾಸ್ಟ್ ಬದಿಯ ಐರನ್‌ಗೆ ಹೋಗಿದೆ, ಸೈಡ್ ಸೀಲಿನ ಸುತ್ತ ಮಸಿ ಕಟ್ಟುವುದು ಹೆಚ್ಚು, ಕನಿಷ್ಠ ಮಿತಿಯೂ 6.9. ಜೋರಿನ ಸ್ಟಾರ್ಟರ್ ಹಾಕಿ "ಬಿಸಿ ಸ್ಟಾರ್ಟ್ ಸರಿಹೋಯ್ತು" ಅನ್ನುವವರ ಗಾಡಿ ಕೊಳ್ಳುವ ಮುನ್ನ ಕಂಪ್ರೆಷನ್ ಅಳೆಸಿ. ಯಾವ ರೋಟರಿಯಾದರೂ ತಣ್ಣಗೆ ಸ್ಟಾರ್ಟ್ ಮಾಡಿ ಎರಡು ಅಡಿ ಸರಿಸಿ ಆರಿಸಬೇಡಿ. ಪೆಟ್ರೋಲ್ ಸೀಲಿನ ಜಿಡ್ಡು ತೊಳೆದು ಮುಂದಿನ ಸಲ ಎದ್ದೇಳುವುದಿಲ್ಲ. ಎದ್ದೇಳದಿದ್ದರೆ ಫ್ಯೂಸ್ ತೆಗೆದು ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿ, ಪ್ಲಗ್ ಒರೆಸಿ, ಚಮಚ ಆಯಿಲ್.

ಈಗ ಸುಮಾರು 11,000 ಕಿಲೋಮೀಟರ್ ಆಗಿದೆ. ಹಿಂದಿನ ರೋಟರಿನ ಮೂರನೇ ಮುಖ 7.3ರಿಂದ 7.2ಕ್ಕೆ ಇಳಿದಿದೆ, ಉಳಿದವು ಹಾಗೇ ಇವೆ. ಭಾಗಗಳನ್ನು ಸಾಲಾಗಿ ಹಿಡಿಯುವ ಹಿಂದಿನ ಡೋವೆಲ್ ಪಿನ್ನಿನ ಹತ್ತಿರ ಎಣ್ಣೆ ಜಿನುಗಲು ಶುರುವಾಗಿದೆ. ಅಲ್ಲಿನ ಓ-ರಿಂಗ್ ಮಾತ್ರ ಹಳೆಯದನ್ನೇ ಹಾಕಿದ್ದೆ.